ಕೈ ಇಟ್ಟರೆ ಹಾಡುವ ರೇಡಿಯೋ

ರೇಡಿಯೋ ರಿಪೇರಿಯವನ ಬಾಳಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಜನ ಕೆಟ್ಟ ಸೆಟ್ಟಿನ ಜೊತೆಗೆ ತಮ್ಮ ಮನೆಯನ್ನೂ ಹೊತ್ತು ತರುತ್ತಾರೆ. ಎಂಬತ್ತರ ದಶಕದಲ್ಲಿ ನಾನು ಮೋಮಿನಪುರದ ಉಸ್ತಾದರ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಬೆಸುಗೆ ಹಾಕುವಾಗ ಏಳುವ ಹೊಗೆ ನೋಡುತ್ತ ಕೂತರೆ ಲೋಕದ ಪರಿವೆಯೇ ಇರುತ್ತಿರಲಿಲ್ಲ. "ಅರೇ ಮಿಯಾ, ಬೆಸುಗಿ ಹಾಕಾಕತ್ತಿಯೋ, ಊದಿನಕಡ್ಡಿ ಹಚ್ಚಿಯೋ?" ಎಂದು ಉಸ್ತಾದರು ರೇಗುತ್ತಿದ್ದರು.

೧. ಬೆಕ್ಕಿನ ತಕರಾರು

ಕಮಲಾಪುರದ ಬಾಳೆತೋಟದ ಸಾವ್ಕಾರರು ತಮ್ಮ ಹಳೆಯ ವಾಲ್ವ್ ರೇಡಿಯೋ ಕೊಟ್ಟು ಹೊಸ ಟ್ರಾನ್ಸಿಸ್ಟರ್ ಸೆಟ್ಟು ಒಯ್ದಿದ್ದರು. ಎಂಟೇ ದಿನಕ್ಕೆ ಅದನ್ನು ವಾಪಸ್ಸು ತಂದರು.

"ಯಾಕ್ರಿ, ಹಾಡವಲ್ದೇನು?" ಎಂದೆ.

"ಹಾಡ್ತದ. ಆದ್ರ ನಂಬಿಕಿ ಬರವಲ್ದು. ಮೊದಲಿಂದು ಒಳಗ ಕೆಂಪಗ ಉರೀತಿತ್ತು, ಮೈ ಬೆಚ್ಚಗಿರತಿತ್ತು. ನಮ್ಮ ಬೆಕ್ಕು ದಿನಾ ಅದರ ಮ್ಯಾಲೇ ಮಲಗತಿತ್ತು. ಇದರ ಮ್ಯಾಲ ಒಮ್ಮಿ ಹತ್ತಿ ಕುಂತು, ಇಳದು ಹೋತು."

ಗಾಜಿನ ಬುರುಡೆಯಂಥ ವಾಲ್ವು ಕಾದರೇ ಕೆಲಸ ಮಾಡುತ್ತದೆ, ಟ್ರಾನ್ಸಿಸ್ಟರಿಗೆ ಕಾಯುವ ಗೊಡವೆಯಿಲ್ಲ, ಜೋಳದ ಕಾಳಿನಷ್ಟಿದ್ದು ತಣ್ಣಗೇ ಅದೇ ಕೆಲಸ ಮಾಡುತ್ತದೆ ಎಂದು ತಿಳಿಸಿ ಹೇಳಿದೆ. ಸಾವ್ಕಾರರು ಸಮಾಧಾನದಿಂದ ಪೂರ್ತಿ ಕೇಳಿದರು.

"ನನಗ ಹೇಳಬ್ಯಾಡ ತಮ್ಮಾ, ಊರಿಗಿ ಬಂದು ಬೆಕ್ಕಿಗಿ ಹೇಳು."

೨. ಕೈಗುಣ

ಸಾವ್ಕಾರರು ಗೊಣಗುತ್ತಲೇ ಮತ್ತೆ ಒಯ್ದಿದ್ದ ಆ ಟ್ರಾನ್ಸಿಸ್ಟರ್ ಸೆಟ್ಟು ಮರುವರ್ಷ ನಿಜವಾಗಿಯೂ ಕೆಟ್ಟಿತು. ಕಮಲಾಪುರಕ್ಕೆ ಹೋದೆ. ಕೆಂಪು ಬಾಳೆಗೊನೆಗಳ ಮೇಲೆ ಸಂಜೆಬಿಸಿಲು ಬಿದ್ದು ಇಡೀ ತೋಟವೇ ನಿದ್ದೆಗಣ್ಣಲ್ಲಿ ಇದ್ದಂತಿತ್ತು. ಕಟ್ಟೆಯ ಮೇಲೆ ರೇಡಿಯೋ ಮೂಕವಾಗಿ ಕೂತಿತ್ತು. ಸಾವ್ಕಾರರು ಮಗಳನ್ನು ಕರೆದರು. ಆಕೆ ಬಂದು ಸೆಟ್ಟಿನ ಬೆನ್ನಿಗೆ ಮೆಲ್ಲಗೆ ಕೈ ಇಟ್ಟಳು. ಹಾಡು ಬಂತು! ಕೈ ತೆಗೆದಳು, ನಿಂತಿತು.

"ಇಕಿ ಕೈಗುಣ ನೋಡು. ನಾವು ಗುದ್ದಿದ್ರೂ ಬಾಯಿ ಬಿಡಂಗಿಲ್ಲ" ಎಂದರು ಸಾವ್ಕಾರರು.

ಒಂದು ಟ್ರಾನ್ಸಿಸ್ಟರಿನ ಕಾಲಿನ ಬೆಸುಗೆ ಸಡಿಲಾಗಿದೆ, ಆಕೆ ಒತ್ತುವ ಜಾಗದಲ್ಲಿ ಅದು ಕೂಡಿಕೊಳ್ಳುತ್ತದೆ ಎಂದು ನನಗೆ ಆಗಲೇ ಗೊತ್ತಾಯಿತು. ಹತ್ತು ನಿಮಿಷದ ಕೆಲಸ. ಅಷ್ಟರಲ್ಲಿ ಆಕೆ ನನ್ನತ್ತ ನೋಡಿ ನಕ್ಕಳು. ನನ್ನ ಕಥೆ ಮುಗಿದೇ ಹೋಯಿತು.

"ಜಡ್ಡು ಭಾಳ ಒಳಗ ಅದ್ರೀ, ಮತ್ತ ಬರಬೇಕಾಗ್ತದ" ಎಂದೆ, ಚಹಾ ಕಲಕುತ್ತ.

"ಬಾ. ಆದ್ರ ಸಕ್ಕರಿ ಕರಗಿರಬೇಕು, ಇನ್ನ ಆ ಸ್ಕ್ರೂಡ್ರೈವರ್ ಚಹಾದಾಗಿಂದ ತಗಿ" ಎಂದರು ಸಾವ್ಕಾರರು.

೩. ನೀರು ತಿರುಗಿಸುವವಳು

ಮೂರು ಸಲ ಹೋದೆ. ಮೂರು ಸಲವೂ ಬೆನ್ನು ಬಿಚ್ಚಿದೆ, ಧೂಳು ಊದಿದೆ, ಮುಚ್ಚಿದೆ. ಮೂರನೇ ಸಲ ಸಾವ್ಕಾರರು, "ಒಳಗ ಆಗೂದರ ಏನು?" ಎಂದರು.

"ಬಾವಿ ನೀರು ಕಾಲುವ್ಯಾಗ ಬರ್ತದಲ್ರಿ. ನಿಮ್ಮ ಮಗಳು ಕಾಲಿಲೆ ಒಂಚೂರು ಮಣ್ಣು ಸರಿಸಿದ್ರ ಅಷ್ಟೂ ನೀರು ಬಾಳಿಗಿಡಕ್ಕ ತಿರುಗ್ತದ. ಟ್ರಾನ್ಸಿಸ್ಟರಿಂದೂ ಅದೇ ಕೆಲಸ. ಮೂರು ಕಾಲು ಅವ. ಗಾಳ್ಯಾಗಿಂದ ಬರೋ ಸಣ್ಣ ಕರೆಂಟು ಒಂದು ಕಾಲಿಗಿ ಮುಟ್ಟಿದ್ರ ಸಾಕು, ಸೆಲ್ಲಿನ ದೊಡ್ಡ ಕರೆಂಟು ಉಳಿದ ಎರಡರಾಗ ಅದರ ಹೇಳಿಕಿ ಪ್ರಕಾರ ಹರೀತದ. ಅದಕ್ಕ ಸಣ್ಣ ದನಿ ದೊಡ್ಡದಾಗ್ತದ."

ಈಗ ಮೊಬೈಲ್ ರಿಪೇರಿ ಮಾಡುತ್ತೇನೆ. ಉಗುರಗಲದ ತುಣುಕಿನಲ್ಲಿ ಅಂಥ ಟ್ರಾನ್ಸಿಸ್ಟರುಗಳು ಕೋಟಿಗಟ್ಟಲೆ. ಮಣ್ಣು ಸರಿಸುವುದು, ಮುಚ್ಚುವುದು, ಅಷ್ಟರಲ್ಲೇ ಜಗತ್ತು ನಡೆದಿದೆ. ನೋಡಿದಾಗೆಲ್ಲ ನನಗೆ ಆ ತೋಟದ ಕಾಲುವೆ, ಆ ಒದ್ದೆ ಪಾದ ನೆನಪಾಗುತ್ತದೆ.

ಅವತ್ತು ಮಗಳು ಬಾಗಿಲಲ್ಲಿ ನಿಂತು ಎಲ್ಲ ಕೇಳಿದಳು. "ಇಡೀ ತೋಟಕ್ಕ ನೀರು ತಿರುಗಸಾಕ ನನಗ ಒಂದು ತಾಸು ಸಾಕು. ನಿಮಗ ಇಷ್ಟಕ್ಕ ಮೂರು ಸಲ ಬೇಕಾತೇನ್ರಿ?"

೪. ಗ್ಯಾರಂಟಿ

ಕಡೆಗೆ ಹಿರಿಯರನ್ನು ಕರೆದುಕೊಂಡು ಹೆಣ್ಣು ಕೇಳಲು ಹೋದೆ. ಉಸ್ತಾದರೂ ಬಂದಿದ್ದರು. ಸಾವ್ಕಾರರು ಕಟ್ಟೆಯ ಮೇಲಿನ ರೇಡಿಯೋ ನೋಡಿದರು.

"ಹುಡುಗ ಚಲೋ ಇದ್ದಾನ. ಆದ್ರ ಇಕೀನ ಕೊಟ್ರ ನಮ್ಮ ರೇಡಿಯೋ ಹಿಡಿಯೋರ್ಯಾರು?"

ಸುಮ್ಮನೆ ಬಿಟ್ಟಿದ್ದ ಜಡ್ಡು ನನ್ನ ಕುತ್ತಿಗೆಗೇ ಬಂದಿತ್ತು. ಉಸ್ತಾದರ ಚೀಲದಲ್ಲಿ ಸದಾ ಇರುವ ಸೋಲ್ಡರಿಂಗ್ ಐರನ್ ತೆಗೆದು ಅಲ್ಲೇ ಕಾಯಿಸಿ ಕೂತೆ. ಜೀವನದಲ್ಲಿ ಅಷ್ಟು ಎಚ್ಚರದಿಂದ ಎಂದೂ ಬೆಸುಗೆ ಹಾಕಿಲ್ಲ. ಹತ್ತು ನಿಮಿಷಕ್ಕೆ ರೇಡಿಯೋ ಯಾರ ಕೈಯೂ ಇಲ್ಲದೆ ಹಾಡಿತು.

"ಮೂರು ಸಲಕ್ಕ ಆಗದ್ದು ಈಗ ಹೆಂಗ ಆತೋ?" ಎಂದರು ಸಾವ್ಕಾರರು. ಮಗಳು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು. ಮದುವೆಯಾಯಿತು.

ತಿಂಗಳಾಗಿರಲಿಲ್ಲ, ಮಾವ ರೇಡಿಯೋ ಬಗಲಲ್ಲಿಟ್ಟುಕೊಂಡು ಮೋಮಿನಪುರಕ್ಕೆ ಬಂದರು. ಗುಂಡಿ ತಿರುವಿದೆ. ಗಂಟೆ ಬಾರಿಸಿದಂತೆ ಹಾಡಿತು.

"ಚಲೋ ಅದಲ್ರಿ ಮಾವ."

"ಅದೇ ತ್ರಾಸು. ತಾನೇ ಹಾಡ್ತದ, ಬಾಜೂಕ ಇಕಿ ಇರಂಗಿಲ್ಲ. ಕೇಳಾಕ ಮನಸ್ಸೇ ಬರವಲ್ದು." ಮುದುಕರ ಕಣ್ಣು ತುಂಬಿದ್ದವು. "ಮೊದಲ ಹೆಂಗ ಕೆಟ್ಟಿತ್ತೋ ಹಂಗೇ ಕೆಡಿಸಿ ಕೊಡು. ಐತವಾರಕ್ಕೊಮ್ಮಿ ಇಕಿ ಬಂದು ಕೈ ಇಡಲಿ."

ಉಸ್ತಾದರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಅದೇ ಕಾಲಿನ ಬೆಸುಗೆ ಸಡಿಲಿಸಿ ಮುಚ್ಚಿ ಕೊಟ್ಟೆ. ಗುಂಡಿ ತಿರುವಿದರೆ ಗಪ್‌ಚಿಪ್. ಮಾವನ ಮುಖ ಅರಳಿತು. ಬಾಗಿಲತನಕ ಹೋದವರು ಏನೋ ನೆನಪಾಗಿ ತಿರುಗಿ ಬಂದರು.

"ಮತ್ತ ತಾನಾಗೇ ಚಲೋ ಆಗಬಾರದು ನೋಡು. ಗ್ಯಾರಂಟಿ ಬರದು ಕೊಡು."