ಹದಿಮೂರು ಚುಕ್ಕಿ, ಎರಡು ಗೆರೆ

ಅತ್ತಿಗುಂಡಿಯ ಹತ್ತಿರದ ಬಿಳಿಕಲ್ಲು ಎಸ್ಟೇಟಿನ ಕೂಲಿಯವರ ಸಾಲುಮನೆಗಳಾದ ಲೈನಿನಲ್ಲಿ ಸಾವಿರದ ಒಂಬೈನೂರ ಮೂವತ್ತಾರನೇ ಇಸವಿಯ ಫೆಬ್ರವರಿಯವರೆಗೆ ಮಾಯಾ ಜನಾಂಗದವರು ಯಾರೂ ವಾಸವಿರಲಿಲ್ಲ. ಏಪ್ರಿಲ್ ಹೊತ್ತಿಗೆ ನಲವತ್ತೊಂದು ಮಂದಿ ಇದ್ದರು. ಈ ನಡುವೆ ಹೊರಗಿನಿಂದ ಯಾರೂ ಬಂದಿಲ್ಲವೆಂದು ಗೇಟಿನ ಪುಸ್ತಕ ಹೇಳುತ್ತದೆ.

ಎಸ್ಟೇಟಿನ ಹಾರ್ಕೊಂಬ್ ದೊರೆಗಳು ಮೊದಲು ಸಮುದ್ರದಾಚೆಯ ಗ್ವಾಟೆಮಾಲ ದೇಶದಲ್ಲಿ ಎಂಟು ವರ್ಷ ಕಾಫಿ ಬೆಳೆದವರು. ಅಲ್ಲಿಯ ಬೆಟ್ಟಗಳ ಮೂಲ ಜನರಾದ ಮಾಯಾ ಜನಾಂಗದ ಮೇಲೆ ಕಾದಂಬರಿ ಬರೆಯುತ್ತಿದ್ದರು. ಆ ಎಂಟು ವರ್ಷದಲ್ಲಿ ಅವರಲ್ಲಿ ಒಬ್ಬರನ್ನೂ ಮಾತನಾಡಿಸದೆ ಇದ್ದುದರಿಂದ ಬರವಣಿಗೆ ಎಲ್ಲೂ ತಡೆಯಿಲ್ಲದೆ ಸಾಗಿತ್ತು. ಆದರೆ ಲಂಡನ್ನಿನ ಪ್ರಕಾಶಕರು, ಕಥೆಯಲ್ಲಿ ನಿಜವಾದ ಮಾಯಾ ಜನ ಕಾಣುತ್ತಿಲ್ಲವೆಂದು ಕಾಗದ ಬರೆದರು.

ಅದೇ ವಾರ ಲೈನಿನ ಗಿಡ್ಡಮ್ಮ, ಸವೆದುಹೋದ ಅರೆಯುವ ಕಲ್ಲನ್ನು ಕಲ್ಲುಕುಟಿಗ ಗುರುವಯ್ಯನ ಕೈಲಿ ಉಳಿಯಿಂದ ಕುಟ್ಟಿಸಿ, ತೊಳೆದು ಬಿಸಿಲಿಗಿಟ್ಟಿದ್ದಳು. ಮಗಳು ತಂಗಮ್ಮ ಹೆತ್ತು ಒಂಬತ್ತು ದಿನ. ಕರಿಮೆಣಸು, ಬೆಳ್ಳುಳ್ಳಿ ಅರೆದು ಬಾಣಂತಿ ಖಾರ ಮಾಡಬೇಕಿತ್ತು. ದಾರಿಯಲ್ಲಿ ಹೋಗುತ್ತಿದ್ದ ದೊರೆಗಳು ಕುದುರೆ ನಿಲ್ಲಿಸಿದರು. ಕಲ್ಲಿನ ಮೂಲೆಯಲ್ಲಿ ಹದಿಮೂರು ದೊಡ್ಡ ಚುಕ್ಕಿ, ಎರಡು ಗೆರೆ. ಮಾಯಾ ಜನ ಅಂಕಿ ಬರೆಯುವುದು ಚುಕ್ಕಿ ಗೆರೆಗಳಿಂದಲೇ ಎಂದು ದೊರೆಗಳು ಓದಿದ್ದರು. ಮಧ್ಯಾಹ್ನದೊಳಗೆ ಕಲ್ಲು ಬಂಗಲೆ ಸೇರಿತು.

ಗಿಡ್ಡಮ್ಮ ಬಂಗಲೆಯ ಜಗಲಿಗೆ ಬಂದಳು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಓಂಕಾರಮೂರ್ತಿ ಎದ್ದು ನಿಂತು ವಿಷಯ ತಿಳಿಸಿದರು.

“ಗಿಡ್ಡಮ್ಮ, ಇದು ನಿಮ್ಮ ಮಾಯಾ ಜನಾಂಗದ ಪುರಾತನ ಸ್ವತ್ತಂತೆ.”

“ನಮ್ಮದಾದ್ರೆ ಕೊಡಿ ಸ್ವಾಮಿ, ಹೊತ್ಕೊಂಡು ಹೋಗ್ತೀನಿ.”

“ಜನಾಂಗದ್ದು ಅಂದೆ. ನಿನ್ನದು ಅನ್ನಲಿಲ್ಲ.”

“ನನ್ನವ್ವ ಕೊಟ್ಟ ಕಲ್ಲು ಅದು. ಮನೇಲಿ ಬಾಣಂತಿ ಇದ್ದಾಳೆ.”

ಸಾಕ್ಷಿಗೆಂದು ಗುರುವಯ್ಯನನ್ನು ಕರೆಸಿದರು. ಅವನು ಮುಚ್ಚುಮರೆ ಮಾಡಲಿಲ್ಲ. “ಚುಕ್ಕಿ ನಾನೇ ಕುಟ್ಟಿದ್ದು ಬುದ್ಧಿ, ಮೊನ್ನೆ ಸೋಮವಾರ. ಆ ಗೆರೆ ಎರಡು ಉಳಿ ಜಾರಿ ಆಗಿದ್ದು.”

ರೈಟರು ಇದನ್ನು ಇಂಗ್ಲಿಷಿನಲ್ಲಿ ಅರಿಕೆ ಮಾಡಿದರು. ದೊರೆಗಳ ಕಣ್ಣು ಒದ್ದೆಯಾಯಿತು. ಅರ್ಥ ಮರೆತರೂ ಕೈ ಮರೆಯದ ಲಿಪಿಕಾರ ಎಂದು ಗುರುವಯ್ಯನ ಹೆಸರು ಕಾದಂಬರಿಯ ಏಳನೇ ಅಧ್ಯಾಯಕ್ಕೆ ಸೇರಿತು.

ಮರುದಿನ ಲೈನಿನ ಗೋಡೆಗೆ ಪ್ರಕಟಣೆ ಅಂಟಿಸಲಾಯಿತು. ಸದರಿ ಕಲ್ಲನ್ನು ಮಾಯಾ ಜನಾಂಗದವರ ಹೊರತು ಬೇರೆ ಯಾರೂ ಮುಟ್ಟಕೂಡದು. ತಾವು ಆ ಜನಾಂಗದವರೆಂದು ಬಲ್ಲವರು ಕಚೇರಿಗೆ ಬಂದು ಹೆಬ್ಬೆಟ್ಟು ಒತ್ತತಕ್ಕದ್ದು. ಅಂಥವರ ಮನೆಯ ಅರೆಯುವ ಕಲ್ಲುಗಳನ್ನು ಎಸ್ಟೇಟಿನ ಖರ್ಚಿನಲ್ಲಿ ಕುಟ್ಟಿಸಿಕೊಡಲಾಗುವುದು.

ಗಿಡ್ಡಮ್ಮ ಒಂದೇ ಮಾತು ಕೇಳಿದಳು. “ಒತ್ತಿದ್ರೆ ಅರೀಬಹುದಾ?”

“ಬಂಗಲೆಯಲ್ಲೇ. ದಿನಾ ಹತ್ತರಿಂದ ಹನ್ನೊಂದು,” ಅಂದರು ರೈಟರು.

ಅವಳು ಒತ್ತಿದಳು. ಸಂಜೆಯೊಳಗೆ, ಮನೆಯಲ್ಲಿ ಕಲ್ಲು ಸವೆದಿದ್ದ ಎಲ್ಲರೂ ತಮ್ಮ ಜನಾಂಗವನ್ನು ನೆನಪು ಮಾಡಿಕೊಂಡರು.

ಗಿಡ್ಡಮ್ಮ ದಿನಾ ಹತ್ತಕ್ಕೆ ಹೋಗಿ ಖಾರ ಅರೆದಳು. ದೊರೆಗಳು ಕುರ್ಚಿ ಹಾಕಿಕೊಂಡು, ಶಿಲೆಗೆ ಕಪ್ಪು ಲೇಪ ಬಳಿಯುವ ವಿಧಿಯ ಬಗ್ಗೆ ಬರೆದರು. ಮೆಣಸಿನ ಘಾಟಿಗೆ ಸೀನಿದ್ದೂ ವಿಧಿಯಲ್ಲಿ ಸೇರಿತು. ಆದರೆ ಅರೆದಂತೆಲ್ಲ ಚುಕ್ಕಿ ಸವೆಯತೊಡಗಿತು. ಬಾಣಂತನ ಮುಗಿಯುವ ಹೊತ್ತಿಗೆ ಹದಿಮೂರರಲ್ಲಿ ನಾಲ್ಕು ಉಳಿದಿದ್ದವು. ಪುರಾತನ ಲಿಪಿಯ ರಕ್ಷಣೆಗಾಗಿ, ಮೂರು ತಿಂಗಳಿಗೊಮ್ಮೆ ಅದನ್ನು ಹೊಸದಾಗಿ ಬರೆಯಲು ಗುರುವಯ್ಯನನ್ನು ನೇಮಿಸಲಾಯಿತು.

“ಚುಕ್ಕಿ ಬೇಕಾದಷ್ಟು ಕುಟ್ತೀನಿ,” ಅಂದ ಗುರುವಯ್ಯ. “ಗೆರೆಗೆ ಮಾತ್ರ ಉಳಿ ಜಾರಬೇಕು. ಬೇಕೂಂತ ಜಾರಲ್ಲ ಬುದ್ಧಿ.”

ಜಾರುವವರೆಗೆ ಕಾಯಲು ದೊರೆಗಳು ಒಪ್ಪಿದರು.

ಪುಸ್ತಕ ಅಚ್ಚಾಯಿತು. ಈಗ ಮಾಯಾ ಜನ ಕಣ್ಣಿಗೆ ಕಟ್ಟುವಂತಿದ್ದಾರೆ ಎಂದು ಪ್ರಕಾಶಕರು ತಂತಿ ಕಳಿಸಿದರು. ಎಸ್ಟೇಟಿನ ಜನನ ಪುಸ್ತಕದಲ್ಲಿ ತಂಗಮ್ಮನ ಮಗುವಿನ ಹೆಸರಿನ ಮುಂದೆ ರೈಟರು ಮಾಯಾ ಜನಾಂಗ ಎಂದು ಬರೆದು, ಶಾಯಿ ಆರಲು ಒತ್ತುಕಾಗದ ಒತ್ತಿದರು.

ತಂಗಮ್ಮ ಮಗುವಿಗೆ ಹಾಲೂಡುತ್ತ ಕೇಳಿದಳು. “ಅವ್ವ, ಹಂಗಾದ್ರೆ ನಾವು ಯಾರು?”

ಗಿಡ್ಡಮ್ಮ ಮೆಣಸಿನ ಬಟ್ಟಲು ಎತ್ತಿಕೊಂಡು ಬಾಗಿಲು ದಾಟುತ್ತಿದ್ದಳು. “ಹತ್ತು ಗಂಟೆವರೆಗೆ ನಾವು ನಾವೇ ಕಣೇ. ಆಮೇಲೆ ಒಂದು ಗಂಟೆ ಆ ಮಾಯಾದೋರು. ತಡವಾಯ್ತು, ಬಿಡು.”