ದೊಡ್ಡ ಪಂಪು, ಸಣ್ಣ ಮನುಷ್ಯ

ಹೋದ ವಾರ ತಿಹೊಮಿರನ ಮೀನಿನ ತೊಟ್ಟಿ ಉಕ್ಕಿ, ಕೆಳಮನೆಯ ರಾದಿಸಾವನ ಚಾವಣಿ ಸೋರಿತು. ನೀರು ಮೇಲಿನ ಸೆವ್ದಿಯಾಳ ಬಟ್ಟೆ ಒಗೆಯುವ ಯಂತ್ರದ್ದು ಎಂದು ತಿಹೊಮಿರ್ ಹೇಳಿದ. ಕಟ್ಟಡದ ಸಭೆ ಸೇರಿ ಆಕೆಯ ಮನೆಯ ನಲ್ಲಿಗೆ ಬೀಗ ಹಾಕಿತು. ಸೆವ್ದಿಯಾ ಊರವರ ಹಾಸಿಗೆಬಟ್ಟೆ ಒಗೆದು ಬದುಕುವವಳು.

ತಿಹೊಮಿರ್ ನೀಶ್ ನಗರದ ನೀರು ಸರಬರಾಜು ಕಚೇರಿಯ ಗುಮಾಸ್ತ. ಸೆವ್ದಿಯಾ ಊರವರು ಕೀಳಾಗಿ ಕಾಣುವ ರೋಮಾ ಜನಾಂಗದ ಹೆಂಗಸು. ಸಭೆಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಅಂದಿನಿಂದ ಆಕೆ ಅಂಗಳದ ನಲ್ಲಿಯಿಂದ ಎರಡೆರಡು ಬಕೆಟ್ ಹೊತ್ತು ನಾಲ್ಕು ಮಹಡಿ ಹತ್ತುತ್ತಿದ್ದಳು. ಮೆಟ್ಟಿಲ ಮೇಲೆ ಆ ಹೆಜ್ಜೆಯ ಸದ್ದು ಕೇಳಿದೊಡನೆ ತಿಹೊಮಿರ್ ತನ್ನ ಮನೆಯೊಳಗೇ ಇಲಿಯಂತೆ ಬಿಲ ಹುಡುಕುತ್ತಿದ್ದ.

ಸಂತ ನಿಕೋಲನ ಹಬ್ಬದ ಬೆಳಿಗ್ಗೆ ಅವನಿಗೊಂದು ದಾರಿ ಹೊಳೆಯಿತು. ಮೀನಿನ ತೊಟ್ಟಿಗೆ ನೀರೆತ್ತುವ ಪಂಪು ಬದಲಿಸಿದರೆ ತೊಟ್ಟಿ ಉಕ್ಕುವುದಿಲ್ಲ. ಉಕ್ಕದಿದ್ದರೆ ಎಂದಾದರೂ ಬೀಗ ಬಿಚ್ಚಿಯಾರು. ತಾನು ಬಾಯಿ ಬಿಡಬೇಕಾಗಿಲ್ಲ. ಹೇಡಿಗಳ ಪ್ರಾಯಶ್ಚಿತ್ತ ಯಾವಾಗಲೂ ಅಂಗಡಿಯಲ್ಲೇ ಸಿಗುತ್ತದೆ.

"ನನಗಲ್ಲ, ಸ್ನೇಹಿತನಿಗೆ," ಎಂದ ಅಂಗಡಿಯಲ್ಲಿ. "ಮೇಲೆ ಮೀನಿನ ತೊಟ್ಟಿ, ಕೆಳಗೆ ಕಪಾಟಿನಲ್ಲಿ ಸೋಸೋ ತೊಟ್ಟಿ. ಮೇಲಿನ ನೀರು ಕೊಳವೇಲಿ ಕೆಳಗಿಳಿಯುತ್ತೆ, ಪಂಪು ವಾಪಸ್ಸು ಎತ್ತುತ್ತೆ. ಈಗಿರೋದು ಗಂಟೆಗೆ ಆರು ಸಾವಿರ ಲೀಟರಿಂದು."

"ತೊಟ್ಟಿ ಎಷ್ಟರದು?"

"ಮುನ್ನೂರು ಲೀಟರು."

ಅಂಗಡಿಯವನು ಕನ್ನಡಕ ಹಣೆಗೇರಿಸಿದ. "ನಿಮ್ಮ ಸ್ನೇಹಿತ ಮೀನು ಸಾಕ್ತಾನೋ, ಬೆಂಕಿ ಆರಿಸ್ತಾನೋ? ಇಳಿಯೋ ಕೊಳವೆ ಎಷ್ಟು ಕುಡಿಯುತ್ತೋ ಅಷ್ಟೇ ಪಂಪು ಎತ್ತಬೇಕು ಸ್ವಾಮಿ. ಈ ರಾಕ್ಷಸ ಇದ್ರೆ, ಕೊಳವೆ ಬಾಯಿಗೆ ಒಂದು ಬಸವನಹುಳು ಅಡ್ಡ ಕೂತ್ರೂ ಸಾಕು, ಕೆಳಮನೆಯವರಿಗೆ ಮಳೆಗಾಲ. ಯಾವ ಪೆದ್ದ ಕೊಂಡ್ಕೊಂಡ ಇದನ್ನ?"

ಇನ್ನೊಂದು ಅಂಗಡಿಯಲ್ಲಿ 'ಇರೋದರಲ್ಲೇ ದೊಡ್ಡದು ಕೊಡಿ' ಎಂದು ಎದೆಯುಬ್ಬಿಸಿದ್ದು ನೆನಪಾಗಿ, ತಿಹೊಮಿರನ ಕಿವಿ ಬೆಂದ ಬೀಟ್‌ರೂಟಿನಂತಾಯಿತು. "ಅವನು ಸ್ವಲ್ಪ ಹಾಗೇ," ಎಂದ.

"ಎರಡು ಸಾವಿರದ್ದು ತಗೊಳ್ಳಿ. ಪೆಟ್ಟಿಗೆ ಮೇಲಿನ ಅಂಕಿ ಪೂರ್ತಿ ನಂಬಬೇಡಿ. ಎತ್ತರ ಏರಿದಷ್ಟೂ ಪಂಪು ಮಾಡೋ ಕೆಲಸ ಕಮ್ಮಿ, ನಮ್ಮ ಅಧಿಕಾರಿಗಳ ಹಾಗೇ."

ಪೆಟ್ಟಿಗೆಯನ್ನು ಕಂಕುಳಲ್ಲಿ ಅವುಚಿಕೊಂಡು ಕಳ್ಳಬೆಕ್ಕಿನಂತೆ ಕಟ್ಟಡ ಹೊಕ್ಕ. ಮೊದಲ ಮೆಟ್ಟಿಲಿಗೇ ನೆಲಮಹಡಿಯ ಮುದುಕಿ ದೆಸಾಂಕಾ ಎದುರಾದಳು.

"ಏನಯ್ಯಾ ಅದು, ಬಚ್ಚಿಟ್ಕೊಂಡಿರೋದು?"

"ಏನಿಲ್ಲ ದೆಸಾಂಕಮ್ಮ... ಉಡುಗೊರೆ."

"ರಾದಿಸಾವನಿಗಾ! ಇವತ್ತು ಅವರ ಮನೆದೇವರ ಹಬ್ಬ ಅಲ್ವೇ. ಬಾ, ಜೊತೇಲೇ ಹೋಗೋಣ."

"ಆಮೇಲೆ ಬರ್ತೀನಮ್ಮ, ಬಟ್ಟೆ ಬದಲಾಯಿಸಿ..."

"ದೇವರ ಹಬ್ಬಕ್ಕೆ ಯಾರೂ ಕರೆಯೋದೂ ಇಲ್ಲ, ಬಂದೋರನ್ನ ಬಿಡೋದೂ ಇಲ್ಲ. ನಡಿ!" ಮುದುಕಿಯ ಹಿಡಿತ ಪೊಲೀಸರದಕ್ಕಿಂತ ಬಿಗಿಯಾಗಿತ್ತು.

ರಾದಿಸಾವನ ಮನೆ ತುಂಬಿತ್ತು. ದೇವರ ಮೇಣದ ಬತ್ತಿ ಉರಿಯುತ್ತಿತ್ತು. ಹಬ್ಬದಂದು ಯಜಮಾನ ಕೂರುವಂತಿಲ್ಲ. ರಾದಿಸಾವ್ ನಿಂತೇ ಎಲ್ಲರಿಗೂ ಮೀನಿನ ಸಾರು ಬಡಿಸುತ್ತಿದ್ದ. ತಿಹೊಮಿರನ ಬಾಯಿಗೆ ಒಂದು ಚಮಚ ಪ್ರಸಾದದ ಸಿಹಿಗೋಧಿ ತುರುಕಿ, ಪೆಟ್ಟಿಗೆ ಕಿತ್ತುಕೊಂಡು ಬಿಚ್ಚಿಯೇಬಿಟ್ಟ.

"ಪಂಪು?"

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಕೈ ಒರೆಸಿಕೊಳ್ಳುತ್ತ ಸೆವ್ದಿಯಾ ಬಂದು ನಿಂತಳು. ಆಕೆಯ ನಲ್ಲಿಗೆ ಬೀಗ ಹಾಕಿದವರೇ ಪಾತ್ರೆ ತೊಳೆಯಲು ಆಕೆಯನ್ನು ಕರೆಸಿದ್ದರು. ಬಕೆಟ್ಟಿನ ಹಿಡಿ ಆಕೆಯ ಅಂಗೈಯಲ್ಲಿ ಕೆಂಪು ಗೆರೆ ಕೊರೆದಿತ್ತು.

ತಿಹೊಮಿರ್ ಬಾಯಲ್ಲಿದ್ದ ಸಿಹಿಗೋಧಿಯನ್ನು ಅಗಿಯದೇ ನುಂಗಿದ. "ಸೋರಿದ್ದು ನನ್ನ ತೊಟ್ಟಿ," ಎಂದ. "ಸೆವ್ದಿಯಾಳದ್ದಲ್ಲ. ನಾನು ಸುಳ್ಳು ಹೇಳಿದೆ."

ರಾದಿಸಾವನ ಕಣ್ಣು ತುಂಬಿತು. ತಿಹೊಮಿರನನ್ನು ಬಾಚಿ ತಬ್ಬಿಕೊಂಡ. "ನೋಡ್ರಪ್ಪಾ ಇವನ ಮನಸ್ಸು! ಹಬ್ಬದ ದಿನ ಅಂತ ಅವಳ ತಪ್ಪನ್ನ ತನ್ನ ಮೈಮೇಲೆ ಎಳ್ಕೊಳ್ತಿದಾನೆ. ಸೋರಿದ ನೀರೆತ್ತೋಕೆ ಪಂಪು ಬೇರೆ ತಂದಿದಾನೆ!"

"ದೇವರಾಣೆ ನಾನೇ ಮಾಡಿದ್ದು!"

"ಏನು ವಿನಯ, ಏನು ವಿನಯ!" ಎಂದು ದೆಸಾಂಕಾ ತಲೆವಸ್ತ್ರದ ತುದಿಯಲ್ಲಿ ಮೂಗೊರೆಸಿದಳು. "ಸಂತ ಕಣಯ್ಯಾ ನೀನು. ಏ ಸೆವ್ದಿಯಾ, ಈ ಪುಣ್ಯಾತ್ಮನಿಗೆ ಕೈ ಮುಗಿಯೇ."

ಸೆವ್ದಿಯಾ ತಿಹೊಮಿರನನ್ನು ನೋಡಿದಳು. ತಿಹೊಮಿರ್ ನೆಲ ನೋಡಿದ. ಹುದುಗಿಕೊಳ್ಳಲು ಅದರಲ್ಲಿ ಒಂದು ಬಿರುಕೂ ಇರಲಿಲ್ಲ.

ಟಪ್.

ಮೀನಿನ ಸಾರಿಗೆ ಒಂದು ಹನಿ ಬಿತ್ತು. ಇನ್ನೊಂದು ಬಿತ್ತು. ಆಮೇಲೆ ದಾರದಂತೆ ಇಳಿಯತೊಡಗಿತು. ಮೇಲೆ ಹಳೆಯ ರಾಕ್ಷಸ ಪಂಪು ಓಡುತ್ತಲೇ ಇದೆ, ಬಸವನಹುಳು ಕೂರುವಲ್ಲಿ ಕೂತಿದೆ ಎಂದು ತಿಹೊಮಿರನಿಗೆ ಅರ್ಥವಾಯಿತು. ಇನ್ನಾದರೂ ನಂಬುತ್ತಾರೆ ಎಂದು, ಅಪರಾಧಿಗೆ ಬರಬಾರದಂಥ ಆಸೆಯೊಂದು ಅವನಿಗೆ ಬಂತು.

ಎಲ್ಲರೂ ಚಾವಣಿ ನೋಡಿದರು. ಆಮೇಲೆ ಎಲ್ಲರೂ ಸೆವ್ದಿಯಾಳನ್ನು ನೋಡಿದರು.

"ಓಡೇ!" ಎಂದು ರಾದಿಸಾವ್ ಕಿರುಚಿದ. "ನಿನ್ನ ನಲ್ಲಿ ನಿಲ್ಲಿಸು ಹೋಗು!"

"ಅದರ ಬೀಗದಕೈ ನಿಮ್ಮ ಜೇಬಲ್ಲಿದೆ ಯಜಮಾನ್ರೇ."

ರಾದಿಸಾವ್ ಜೇಬು ಮುಟ್ಟಿಕೊಂಡ. ಬೀಗದಕೈ ಕಿಣಿ ಎಂದಿತು. ಸಾರಿನ ಬಟ್ಟಲಲ್ಲಿ ನೀರು ಮಾತಾಡುತ್ತಲೇ ಇತ್ತು.

"ಅದೆಲ್ಲ ಸಭೇಲಿ ನೋಡೋಣ," ಎಂದ ರಾದಿಸಾವ್ ಕೊನೆಗೆ. "ಈಗ ಬಟ್ಟೆ ತಗೊಂಡು ನೆಲ ಒರೆಸು."

ಸೆವ್ದಿಯಾ ಸೊಂಟಕ್ಕೆ ಕಟ್ಟಿದ್ದ ವಸ್ತ್ರ ಬಿಚ್ಚಿದಳು. ಮಡಿಸಿ, ಪಂಪಿನ ಪೆಟ್ಟಿಗೆಯ ಮೇಲಿಟ್ಟಳು.

"ಒರೆಸಲ್ಲ," ಎಂದಳು.