ಗಂಗಮ್ಮನಿಗೆ ಕುಂಕುಮ, ವಿಮೆಯವರಿಗೆ ಅರ್ಜಿ

ಬಡಾವಣೆಯ ನಕ್ಷೆಗೆ ಮೊಹರು ಒತ್ತಿದವರ ಕಾಲು ಒದ್ದೆಯಾಗಲಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತವರು ನನ್ನ ಅತ್ತೆ. ಇದನ್ನು ಮೊದಲು ದಾಖಲಿಸಿ, ಆಮೇಲೆ ಅವರ ಗಂಡ, ನನ್ನ ಸೋದರಮಾವನ ವಿಷಯಕ್ಕೆ ಬರುತ್ತೇನೆ. ಮನೆಗೆ ವಿಮೆ ಮಾಡಿಸಿ ನೆರೆಗೆ ಮಂಗಳಾರತಿ ಎತ್ತಿದ ಮಹಾನುಭಾವರು ಭೂಮಂಡಲದಲ್ಲಿ ಅವರೊಬ್ಬರೇ!

ಹೊಸೂರಿನ ಕಾರ್ಖಾನೆಯಿಂದ ನಿವೃತ್ತರಾದ ಮಾವ ರಾಯಕೋಟೆಯ ಆಚೆ, ಕೆರೆಯ ಕೋಡಿ ಹರಿಯುವ ಹಳ್ಳದ ಮಗ್ಗುಲಲ್ಲೇ ಮನೆ ಕಟ್ಟಿಸಿದರು. ಹಳ್ಳವೆಲ್ಲಿದೆ ಎನ್ನುತ್ತೀರಾ? ಬಡಾವಣೆಯವರು ಅದನ್ನು ಮಣ್ಣಿನಿಂದ ಮುಚ್ಚಿ ‘ಮುಖ್ಯರಸ್ತೆ’ ಎಂದು ನಾಮಕರಣ ಮಾಡಿದ್ದರು. ನಾನು ಮಾವನೆದುರು ಆಕ್ಷೇಪಿಸಿದೆ.

“ನಕ್ಷೆಗೆ ಮೊಹರು ಬಿದ್ದೈತೆ ಕಣಮ್ಮಿ. ಹಳ್ಳಾನ ಒಂದ್ ಮಾತು ಕೇಳ್ದೆ ಸರ್ಕಾರ ಮೊಹರು ಒತ್ತಿರ್ತದಾ?”

ವಿಮೆಯ ಪ್ರತಿನಿಧಿ ಕೇಳಿದ: “ಈ ಮನೆಗೆ ಹಿಂದೆ ಯಾವತ್ತಾದ್ರೂ ನೀರು ನುಗ್ಗಿದೆಯಾ ಸಾರ್?”

“ಹದಿನೈದು ದಿನದ ಮನೆ. ನಲ್ಲೀಲೇ ಇನ್ನೂ ನೀರು ಬಂದಿಲ್ಲ, ಬರ್ಕೊಳಪ್ಪಾ!”

ಮೊದಲ ಮಳೆಗಾಲದಲ್ಲೇ ಕೆರೆ ಕೋಡಿ ಬಿತ್ತು. ನೀರಿಗೆ ಅಕ್ಷರಜ್ಞಾನವೆಲ್ಲಿ? ‘ಮುಖ್ಯರಸ್ತೆ’ಯ ಫಲಕವನ್ನು ಓದದೆ ಹಳೆಯ ದಾರಿಯಲ್ಲೇ ಬಂದು ನಡುಮನೆಗೆ ಇಳಿಯಿತು. ಅತ್ತೆ ಬಕೆಟ್ಟು ಹಿಡಿದರೆ ಮಾವ ಅಡ್ಡ ನಿಂತರು. ಕೋಡಿ ಬಿದ್ದಾಗ ಗಂಗಮ್ಮನನ್ನು ಪೂಜಿಸುವುದು ನಮ್ಮ ಕಡೆಯ ಪದ್ಧತಿ. ಅದೂ ಕೆರೆಯ ಕೋಡಿಯ ಬಳಿ, ಅಡುಗೆಮನೆಯಲ್ಲಲ್ಲ!

“ತಡಿಯೇ! ಮನೆಗೆ ಬಂದವ್ಳೆ. ಅರಿಸಿನ ಕುಂಕುಮ ಕೊಡ್ದೆ ಆಚಿಕ್ ನೂಕ್ತೀಯಾ?”

“ನನ್ ರಾಗಿ ಮೂಟೇನೂ ಮಡ್ಲಿಗೆ ತುಂಬ್ಬುಡು, ನಮ್ಮಪ್ಪಾ!” ಎಂದರು ಅತ್ತೆ.

ಹೊಸಿಲು ಮುಳುಗಿದ್ದರಿಂದ ಒಲೆಕಟ್ಟೆಯ ಮೇಲೆ ತೆಂಗಿನಕಾಯಿ ಒಡೆಯಲಾಯಿತು. ನೀರು ನಿಂತ ಮಟ್ಟಕ್ಕೆ, ಹೊಸ ಸುಣ್ಣದ ಗೋಡೆಯ ಉದ್ದಕ್ಕೂ ಕುಂಕುಮದ ಬೊಟ್ಟು!

ನೀರಿಳಿದ ಮೇಲೆ ಪರಿಶೀಲನೆಗೆ ಬಂದ ವಿಮೆಯವರು ಬಿರುಕು ಬಿಟ್ಟ ಗೋಡೆಯನ್ನು ಬಿಟ್ಟು ಬೊಟ್ಟುಗಳ ಚಿತ್ರ ತೆಗೆದುಕೊಂಡರು. ಪತ್ರ ಬಂತು: ಮನೆಯವರು ನೆರೆಯನ್ನು ನಿರೀಕ್ಷಿಸಿ, ಪೂಜಾಸಾಮಗ್ರಿ ಸಹಿತ ಸ್ವಾಗತಿಸಿರುವುದರಿಂದ ಇದು ‘ಅನಿರೀಕ್ಷಿತ ಹಾನಿ’ಯಲ್ಲ, ಪರಿಹಾರವಿಲ್ಲ!

ಕಳೆದ ವಾರ ಹೋದಾಗ ಅತ್ತೆ ಮುಗ್ಗಿದ ರಾಗಿಯನ್ನು ‘ಮುಖ್ಯರಸ್ತೆ’ಯಲ್ಲಿ ಹರವಿದ್ದರು. ಮಾವ ಖಾಲಿ ನಿವೇಶನಗಳಲ್ಲಿ ಸಾಲಾಗಿ ಕಲ್ಲು ನೆಟ್ಟು ಕುಂಕುಮ ಇಡುತ್ತಿದ್ದರು. ಮೌಢ್ಯದ ವಿರುದ್ಧ ಭಾಷಣ ಮಾಡುವ ನಾನು ಸುಮ್ಮನಿರುತ್ತೇನೆಯೇ?

“ಇದೇನು ಮಾವ, ಊರೆಲ್ಲ ದೇವರು?”

ಅವರು ತಲೆ ಎತ್ತಲಿಲ್ಲ. “ನೀರು ಇಲ್ಲೀಗಂಟ ಬಂದಿತ್ತು ಕಣಮ್ಮಿ. ಹಂಗಂತ ಬೋರ್ಡ್ ನೆಟ್ಟಿದ್ದೆ, ಬಡಾವಣೆಯೋರು ರಾತ್ರೋರಾತ್ರಿ ಕಿತ್ತಾಕುದ್ರು. ಕುಂಕುಮ ಇಟ್ಟಿರೋ ಕಲ್ನ ಯಾರೂ ಕೀಳಾಕಿಲ್ಲ. ಕೊಳ್ಳಾಕ್ ಬಂದೋರು ಯಾಕೆ ಅಂತ ಕೇಳಿಯಾರು. ನಿಮ್ಮತ್ತೆ ತರ ಇನ್ನೊಬ್ಳು ರಾಗಿ ಒಣಗಿಸ್ಕೊಂಡು ಕುಂತ್ಕೋಬಾರ್ದು.”

ನಾನು ಕುಂಕುಮದ ಬಟ್ಟಲು ಹಿಡಿದುಕೊಂಡು ಅವರ ಹಿಂದೆ ನಡೆದೆ.

ಮೊಹರು ಒತ್ತಿದ ಅಧಿಕಾರಿಗಳೇ, ಹಳ್ಳವನ್ನು ಮಾರಿದ ಬಡಾವಣೆಯವರೇ, ಇನ್ನೊಂದು ನಿವೇಶನ ಮಾರುವ ಮೊದಲು ಈ ಕಲ್ಲಿನ ಸಾಲನ್ನು ನಕ್ಷೆಗೆ ಏರಿಸಿ, ಮುಚ್ಚಿದ ಹಳ್ಳವನ್ನು ತೋಡಿಸಿ. ವಿಮೆಯವರೇ, ಬೊಟ್ಟು ಬಿಟ್ಟು ಬಿರುಕು ನೋಡಿ. ಅತ್ತೆಯ ಗೋಡೆಗೆ ಪರಿಹಾರ ಕೊಡಿ. ಅಲ್ಲಿಯವರೆಗೆ ಒಂದು ಕಲ್ಲನ್ನೂ ಮುಟ್ಟಕೂಡದು.